ಹೊಸ ಸ್ಪೀಕರ್ ಹಾಕಿಸಿದ ಮೇಲೆ ಬೇಸ್ ಕಡಿಮೆಯಾಗಿದೆ: ಆಂಪ್ಲಿಫೈಯರ್ ಬೇಕೇ?

ಹಿಂದಿನಸೀಟು:

ಎಲ್ಲರಿಗೂ ನಮಸ್ಕಾರ. ಕಾರಿನ ಜೊತೆಯಲ್ಲೇ ಬಂದಿದ್ದ ಸ್ಪೀಕರ್‌ಗಳಲ್ಲಿ ಗಾಯಕರ ಧ್ವನಿ ಕಂಬಳಿ ಹೊದ್ದು ಹಾಡಿದ ಹಾಗೆ ಮಂಕಾಗಿ ಕೇಳುತ್ತಿದ್ದುದರಿಂದ, ಮುಂದಿನ ಎರಡೂ ಬಾಗಿಲುಗಳಿಗೆ ಆರೂವರೆ ಇಂಚಿನ, ಕೆಳಸ್ವರಕ್ಕೂ ಏರುಸ್ವರಕ್ಕೂ ಬೇರೆ ಬೇರೆ ಘಟಕಗಳಿರುವ ಕಾಂಪೊನೆಂಟ್ ಸ್ಪೀಕರ್‌ಗಳನ್ನು ಹಾಕಿಸಿದೆ. ಏರುಸ್ವರ ನುಡಿಸುವ ಟ್ವೀಟರ್‌ಗಳು ಈಗ ಹೊರಗನ್ನಡಿಯ ಪಕ್ಕದ ಒಳಮೂಲೆಯಲ್ಲಿ ಕೂತಿವೆ. ಸಾಹಿತ್ಯ ಸ್ಪಷ್ಟವಾಗಿ ಕೇಳುತ್ತದೆ, ವಾದ್ಯಗಳೂ ಬಿಡಿಬಿಡಿಯಾಗಿ ಕೇಳುತ್ತವೆ. ಆದರೆ ಬೇಸ್, ಅಂದರೆ ಕೆಳಸ್ವರಗಳ ಸದ್ದು, ಹಳೆಯ ಸ್ಪೀಕರ್‌ಗಳಲ್ಲಿ ಇದ್ದಷ್ಟೂ ಉಳಿದಿಲ್ಲ. ಮೊದಲು ವಾಲ್ಯೂಮ್ 15ರಲ್ಲಿ ಸಾಕಾಗುತ್ತಿತ್ತು, ಈಗ 20ಕ್ಕೆ ಏರಿಸಬೇಕು; ಹೆದ್ದಾರಿಯ ವೇಗದಲ್ಲಿ ಇನ್ನೂ ಏರಿಸಿದರೆ ಧ್ವನಿ ಕರ್ಕಶವಾಗುತ್ತದೆ.

ಹಾಕಿಕೊಟ್ಟವರ ಪ್ರಕಾರ ಸ್ಟೀರಿಯೊದಲ್ಲಿ ಶಕ್ತಿ ಸಾಲದು, ನಾಲ್ಕು ಚಾನೆಲ್‌ಗಳ ಆಂಪ್ಲಿಫೈಯರ್ ಮತ್ತು ಡಿಕ್ಕಿಯಲ್ಲಿ ಹನ್ನೆರಡು ಇಂಚಿನ ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್) ಹಾಕಿಸಲೇಬೇಕು. ಸ್ಟೀರಿಯೊದ ಮೇಲೆ 50 ವ್ಯಾಟ್ × 4 ಎಂದಿದೆ, ಸ್ಪೀಕರ್‌ಗಳ ಪೆಟ್ಟಿಗೆಯ ಮೇಲೆ 60 ವ್ಯಾಟ್ ಆರ್‌ಎಂಎಸ್ (ಸತತ ಶಕ್ತಿಯ ಅಂಕಿ) ಎಂದಿದೆ. ಹತ್ತು ವ್ಯಾಟ್‌ಗಳ ಕೊರತೆಯಿಂದ ಇಷ್ಟು ವ್ಯತ್ಯಾಸವಾಗುತ್ತದೆಯೇ? ರಿವರ್ಸ್ ಕ್ಯಾಮೆರಾ ಮತ್ತು ಎಸಿಯ ನಿಯಂತ್ರಣ ಸ್ಟೀರಿಯೊದಲ್ಲೇ ಇರುವುದರಿಂದ ಅದನ್ನು ಬದಲಿಸುವ ಹಾಗಿಲ್ಲ. ಡಿಕ್ಕಿಯ ಜಾಗವನ್ನು ಬಿಟ್ಟುಕೊಡುವುದಕ್ಕೂ ಮನಸ್ಸಿಲ್ಲ.

ಮಂದ್ರಪ್ರಿಯ:

ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಸ್ಪೀಕರ್ ಬದಲಿಸಿದ ಕೂಡಲೇ ಬೇಸ್ ಕುಸಿದಿದ್ದರೆ, ತಪ್ಪು ಜೋಡಣೆಯಲ್ಲಿರುವ ಸಾಧ್ಯತೆಯೇ ಹೆಚ್ಚು.

ಮೊದಲು ಬೇಸ್ ಚೆನ್ನಾಗಿರುವ ಹಾಡೊಂದನ್ನು ಹಾಕಿ, ಸ್ಟೀರಿಯೊದ ಎಡ-ಬಲ ಬ್ಯಾಲೆನ್ಸನ್ನು ಪೂರ್ತಿ ಒಂದೇ ಕಡೆಗೆ ತಿರುಗಿಸಿ ಕೇಳಿ. ಎರಡೂ ಕಡೆ ನುಡಿಯುವಾಗ ಇದ್ದುದಕ್ಕಿಂತ ಒಂದೇ ಕಡೆ ನುಡಿಯುವಾಗ ಬೇಸ್ ತುಂಬಿಕೊಂಡಂತೆ ಕೇಳಿಸಿದರೆ, ಒಂದು ಬಾಗಿಲಿನಲ್ಲಿ ಧನ ಮತ್ತು ಋಣ ತಂತಿಗಳು ಅದಲುಬದಲಾಗಿವೆ ಎಂದರ್ಥ. ಒಂದು ಸ್ಪೀಕರಿನ ಕೋನ್ (ಅದುರುವ ಪರದೆ) ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿದ್ದರೆ, ಕೆಳಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಖಚಿತಪಡಿಸಿಕೊಳ್ಳಲು ಸ್ಪೀಕರಿನ ತಂತಿಗಳನ್ನು ಸ್ಟೀರಿಯೊದಿಂದ ಬಿಡಿಸಿ, ಆ ತುದಿಗೆ 1.5 ವೋಲ್ಟಿನ ಪೆನ್ಸಿಲ್ ಸೆಲ್ ಒಂದನ್ನು ಕ್ಷಣಮಾತ್ರ ಮುಟ್ಟಿಸಿ. ಎರಡೂ ಬಾಗಿಲುಗಳ ಕೋನ್‌ಗಳು ಒಂದೇ ದಿಕ್ಕಿಗೆ ಜಿಗಿಯಬೇಕು.

ಅನಂತರ ಹಳೆಯ ಸ್ಪೀಕರುಗಳ ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ. 4 ಓಮ್‌ನ ಸ್ಪೀಕರ್ ಸುಮಾರು ಮೂರೂವರೆ ತೋರಿಸುತ್ತದೆ. ಎರಡಕ್ಕಿಂತ ಕಡಿಮೆ ತೋರಿಸಿದರೆ ನಿಮ್ಮದು 2 ಓಮ್‌ನದಾಗಿತ್ತು. ಅದರ ಜಾಗಕ್ಕೆ 4 ಓಮ್‌ನದು ಬಂದಾಗ ಅದೇ ವಾಲ್ಯೂಮಿನಲ್ಲಿ ಅರ್ಧದಷ್ಟೇ ಶಕ್ತಿ ಹರಿಯುತ್ತದೆ.

ಇಷ್ಟಾದ ಮೇಲೆ ಬಾಗಿಲಿಗೆ ಬನ್ನಿ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ದೂರುಗಳು ಇಲ್ಲಿಯೇ ಮುಗಿಯುತ್ತವೆ. ಕೋನ್ ಮುಂದಕ್ಕೆ ಎಷ್ಟು ಸದ್ದು ಮಾಡುತ್ತದೆಯೋ ಹಿಂದಕ್ಕೂ ಅಷ್ಟೇ ಮಾಡುತ್ತದೆ, ಆದರೆ ತಿರುಗುಮುರುಗಾಗಿ. ಮನೆಯ ಸ್ಪೀಕರಿನಲ್ಲಿ ಆ ಹಿಂದಿನ ಸದ್ದನ್ನು ಮರದ ಪೆಟ್ಟಿಗೆ ಹಿಡಿದಿಟ್ಟುಕೊಳ್ಳುತ್ತದೆ. ಕಾರಿನಲ್ಲಿ ಆ ಪೆಟ್ಟಿಗೆಯ ಕೆಲಸವನ್ನು ಮಾಡಬೇಕಾದದ್ದು ಬಾಗಿಲು. ಬಾಗಿಲಿನ ಒಳತಗಡಿನಲ್ಲಿಯೋ ಅಂಗೈ ತೂರುವಷ್ಟು ದೊಡ್ಡ ಕಿಂಡಿಗಳಿರುತ್ತವೆ, ಅವುಗಳ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯಷ್ಟೇ ಇರುತ್ತದೆ. ಕಂಪನಿಯ ಸ್ಪೀಕರಿನ ಅಂಚಿನಲ್ಲಿ ಫೋಮ್ ಇದ್ದು, ಅದು ತಗಡಿಗೂ ಬಾಗಿಲಿನ ಒಳಬದಿಯ ಪ್ಲಾಸ್ಟಿಕ್ ಹೊದಿಕೆಯಾದ ಟ್ರಿಮ್‌ಗೂ ಒತ್ತಿ ಕೂರುತ್ತಿತ್ತು. ಹೊಸದನ್ನು ಬಾಗಿಲಿಗೆ ಹೊಂದಿಸುವ ಉಂಗುರದ ಮೇಲೆ ತಿರುಪು ಹಾಕಿ ಕೂರಿಸುವಾಗ ಆ ಫೋಮ್ ಇಲ್ಲದಿದ್ದರೆ, ಹಿಂದಿನ ಸದ್ದು ಸುತ್ತು ಹಾಕಿ ಬಂದು ಮುಂದಿನ ಸದ್ದನ್ನು ನುಂಗುತ್ತದೆ.

ಆದ್ದರಿಂದ ಟ್ರಿಮ್ ಬಿಚ್ಚಿಸಿ ಉಂಗುರದ ಸುತ್ತ ಫೋಮ್ ಪಟ್ಟಿ ಅಂಟಿಸಿ, ಸ್ಪೀಕರಿನ ಮುಂಭಾಗದಿಂದ ಟ್ರಿಮ್‌ನ ಜಾಲರಿಯವರೆಗೂ ಇನ್ನೊಂದು ಪಟ್ಟಿ ಕೊಡಿ. ದೊಡ್ಡ ಕಿಂಡಿಗಳನ್ನು ಬರಿಯ ಬ್ಯುಟೈಲ್ ಹಾಳೆಯಿಂದ (ಅದುರುವಿಕೆ ತಗ್ಗಿಸುವ ಅಂಟು ರಬ್ಬರ್ ಹಾಳೆ) ಮುಚ್ಚಿದರೆ ಅದು ನಗಾರಿಯ ಚರ್ಮದಂತೆ ಅದುರುತ್ತದೆ. ಮೊದಲು ಅಲ್ಯೂಮಿನಿಯಂ ತಗಡನ್ನೋ ಗಟ್ಟಿ ಪ್ಲಾಸ್ಟಿಕ್ಕನ್ನೋ ಕೂರಿಸಿ, ಅದರ ಮೇಲೆ ಹಾಳೆ ಅಂಟಿಸಬೇಕು. ಹೊರತಗಡಿಗೆ ಪೂರ್ತಿ ಹಚ್ಚುವ ಅಗತ್ಯವಿಲ್ಲ. ಬೆರಳಿನ ಗಿಣ್ಣಿನಿಂದ ತಟ್ಟಿದಾಗ ಟಣ್ ಎನ್ನುವುದು ನಿಂತು ಟಪ್ ಎನ್ನುವಷ್ಟಾದರೆ ಸಾಕು, ಅದಕ್ಕೆ ಮೂರನೆಯ ಒಂದು ಭಾಗ ಮುಚ್ಚಿದರೂ ನಡೆಯುತ್ತದೆ. ಛಾವಣಿಯ ಸೋರಿಕೆ ತಡೆಯುವ ಡಾಂಬರಿನ ಹಾಳೆ ಮಾತ್ರ ಬೇಡ, ಬಿಸಿಲಿಗೆ ಕರಗಿ ವಾಸನೆ ಬರುತ್ತದೆ. ಬಾಗಿಲಿನ ತಳದಲ್ಲಿ ಮಳೆನೀರು ಹೊರಹೋಗುವ ತೂತುಗಳನ್ನು ಮುಚ್ಚಿದರೆ ಬಾಗಿಲು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ತಂತಿಮನೆ:

ಬಾಗಿಲಿನ ವಿಷಯದಲ್ಲಿ ಮಂದ್ರಪ್ರಿಯ ಅವರ ಮಾತು ಸರಿ. ಆದರೆ ವಾಲ್ಯೂಮ್ ಏರಿಸಿದಾಗ ಬರುವ ಕರ್ಕಶತೆಗೆ ಬಾಗಿಲು ಔಷಧಿಯಲ್ಲ.

ಆ 50 ವ್ಯಾಟ್ ಎನ್ನುವುದು ಕ್ಷಣಿಕ ಗರಿಷ್ಠ ಅಂಕಿ. ಎಂಜಿನ್ ಓಡುವಾಗ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್, ಸ್ಟೀರಿಯೊದೊಳಗಿನ ಚಿಪ್ ಅಷ್ಟನ್ನೂ ಚೂರೂ ಪೋಲಾಗದಂತೆ ಬಳಸಿಕೊಂಡರೂ 4 ಓಮ್‌ಗೆ ವಿಕೃತಿಯಿಲ್ಲದೆ ಕೊಡಬಹುದಾದದ್ದು ಸುಮಾರು 26 ವ್ಯಾಟ್, ವಾಸ್ತವದಲ್ಲಿ 20ರ ಆಸುಪಾಸು. ಅದನ್ನು ಮೀರಿ ಏರಿಸಿದಾಗ ಅಲೆಯ ತಲೆ ಕತ್ತರಿಸಿಹೋಗುತ್ತದೆ. ನಿಮಗೆ ಕೇಳಿಸುತ್ತಿರುವ ಕರ್ಕಶತೆ ಬಹುಶಃ ಅದೇ. ಸ್ಪೀಕರಿನ ಮೇಲಿನ 60 ವ್ಯಾಟ್ ಅದರ ಹಸಿವಲ್ಲ, ತಾಳಿಕೆ. ಅಷ್ಟು ಕೊಡದಿದ್ದರೆ ಅದು ನುಡಿಯುವುದಿಲ್ಲ ಎಂದೇನೂ ಇಲ್ಲ.

ಹಾಗೆಂದು ಆಂಪ್ಲಿಫೈಯರಿನಿಂದ ಪವಾಡವನ್ನೂ ನಿರೀಕ್ಷಿಸಬೇಡಿ. ಶಕ್ತಿ ಇಮ್ಮಡಿಯಾದರೆ ಸದ್ದು 3 ಡೆಸಿಬೆಲ್ ಏರುತ್ತದೆ, ಕಿವಿಗೆ ಎರಡರಷ್ಟು ಎನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತುಪಟ್ಟು ಶಕ್ತಿ ಬೇಕು. 20 ವ್ಯಾಟ್‌ನಿಂದ 75ಕ್ಕೆ ಹೋದರೆ ಸಿಗುವುದು ಆರು ಡೆಸಿಬೆಲ್‌ಗೂ ತುಸು ಕಡಿಮೆ. ಅದರ ನಿಜವಾದ ಲಾಭವೆಂದರೆ ಹಾಡಿನ ಏರುಗಳು ಕತ್ತರಿಸಿಹೋಗದೆ ಪೂರ್ತಿಯಾಗಿ ಬರುವುದು.

ಇನ್ನೊಂದು ಸಂಗತಿ. ಕಂಪನಿಯ ಕೆಲವು ಸ್ಟೀರಿಯೊಗಳು ತಮ್ಮ ಅಗ್ಗದ ಸ್ಪೀಕರ್‌ಗಳನ್ನು ಕಾಪಾಡಲು ವಾಲ್ಯೂಮ್ ಏರಿದಂತೆ ಬೇಸನ್ನು ತಾವೇ ತಗ್ಗಿಸುತ್ತವೆ. ನಿಮ್ಮದೂ ಹಾಗಿದ್ದರೆ ಎಷ್ಟು ದೊಡ್ಡ ಆಂಪ್ ಹಾಕಿದರೂ ಬೇಸ್ ಕಳೆದುಕೊಂಡ ಧ್ವನಿಯನ್ನೇ ಅದು ದೊಡ್ಡದು ಮಾಡುತ್ತದೆ.

ಹಿಂದಿನಸೀಟು:

ಇಬ್ಬರಿಗೂ ಧನ್ಯವಾದಗಳು. ಬ್ಯಾಲೆನ್ಸ್ ಪರೀಕ್ಷೆಯಲ್ಲೇ ಗುಟ್ಟು ರಟ್ಟಾಯಿತು: ಎಡಬಾಗಿಲಿನ ತಂತಿಗಳು ಉಲ್ಟಾ ಆಗಿದ್ದವು. ಹಳೆಯ ಸ್ಪೀಕರ್ 3.4 ಓಮ್ ತೋರಿಸಿತು, ಆದ್ದರಿಂದ ಆ ಅನುಮಾನ ಬಗೆಹರಿಯಿತು. ಟ್ರಿಮ್ ಬಿಚ್ಚಿ ಉಂಗುರದ ಹಿಂದಿನಿಂದ ಟಾರ್ಚ್ ಹಿಡಿದರೆ ಅಂಚಿನುದ್ದಕ್ಕೂ ಬೆಳಕಿನ ಗೆರೆ ಕಾಣುತ್ತಿತ್ತು. ಬೇಕೆಂದೇ ಮೊದಲು ಒಂದೇ ಬಾಗಿಲಿನ ಸಂದು, ಕಿಂಡಿಗಳನ್ನು ಮುಚ್ಚಿ, ಎರಡನ್ನೂ ಹೋಲಿಸಿ ಕೇಳಿದೆ. ಕಿಂಡಿ ಮುಚ್ಚದ ಬಾಗಿಲು ತಗಡಿನ ಡಬ್ಬದಂತೆ ಕೇಳಿದ್ದನ್ನು ನೋಡಿ ಇನ್ನೊಂದನ್ನು ಅದೇ ಸಂಜೆ ಮುಗಿಸಿದೆ.

ಬೇಸ್ ಮರಳಿದೆ, ಆದರೆ ವೇಗದಲ್ಲಿ ಕರ್ಕಶತೆ ಹಾಗೆಯೇ ಇದೆ. ಈಗ ಗಮನಕ್ಕೆ ಬಂದ ಇನ್ನೊಂದು ಕೊರತೆಯೆಂದರೆ, ಗಾಯಕರು ನನ್ನ ಪಕ್ಕದ ಬಾಗಿಲಿನಲ್ಲೇ ನಿಂತು ಹಾಡುತ್ತಿರುವಂತೆ ಕೇಳುತ್ತದೆ.

ಎಡಕಿವಿ:

ಅದು ಸ್ಪೀಕರಿನ ತಪ್ಪಲ್ಲ, ನೀವು ಕೂರುವ ಜಾಗದ ತಪ್ಪು. ಶಬ್ದ ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಆಚೆಯ ಸ್ಪೀಕರ್ ನಿಮ್ಮ ಕಿವಿಯಿಂದ 50 ಸೆಂಟಿಮೀಟರ್ ಹೆಚ್ಚು ದೂರವಿದ್ದರೆ ಅದರ ಸದ್ದು ಒಂದೂವರೆ ಮಿಲಿಸೆಕೆಂಡಿನಷ್ಟು ತಡವಾಗಿ ತಲುಪುತ್ತದೆ, ಮತ್ತು ಮಿದುಳು ಮೊದಲು ಬಂದ ಕಡೆಗೇ ಗಾಯಕರನ್ನು ನಿಲ್ಲಿಸಿಬಿಡುತ್ತದೆ. ಬ್ಯಾಲೆನ್ಸ್ ತಿರುಗಿಸಿದರೆ ಸದ್ದಿನ ಪ್ರಮಾಣ ಬದಲಾಗುತ್ತದೆಯೇ ಹೊರತು ತಲುಪುವ ಕಾಲ ಬದಲಾಗುವುದಿಲ್ಲ. ಹತ್ತಿರದ ಸ್ಪೀಕರನ್ನು ಅಷ್ಟೇ ಹೊತ್ತು ತಡೆಹಿಡಿಯುವ ಡಿಎಸ್‌ಪಿ (ಧ್ವನಿ ಸಂಕೇತವನ್ನು ತಿದ್ದುವ ಚಿಪ್) ಇದ್ದರೆ ಧ್ವನಿ ಡ್ಯಾಶ್‌ಬೋರ್ಡಿನ ನಡುವೆ ಬಂದು ನಿಲ್ಲುತ್ತದೆ. ಆಚೆ ಕೂತವರಿಗೆ ಆಗ ವ್ಯತ್ಯಾಸ ಇನ್ನಷ್ಟು ಹೆಚ್ಚುತ್ತದೆ ಎನ್ನುವುದು ಬೇರೆ ಮಾತು.

ಆದ್ದರಿಂದ ಬರಿಯ ಆಂಪ್ಲಿಫೈಯರಿನ ಬದಲು, ಸ್ಪೀಕರ್ ತಂತಿಯಿಂದಲೇ ಸಂಕೇತ ತೆಗೆದುಕೊಳ್ಳುವ, ಒಳಗೇ ಡಿಎಸ್‌ಪಿ ಇರುವ ಸಣ್ಣ ಆಂಪ್ ಒಂದನ್ನು ಆರಿಸಿಕೊಳ್ಳಿ. ತಂತಿಮನೆಯವರು ಹೇಳಿದ ಬೇಸ್ ತಗ್ಗಿಸುವ ಚಾಳಿಯನ್ನೂ ಅದರಲ್ಲಿ ಬಹುಮಟ್ಟಿಗೆ ಸರಿದೂಗಿಸಬಹುದು. ಸಬ್‌ವೂಫರ್ ಬೇಕೆನಿಸಿದರೆ ಸೀಟಿನ ಕೆಳಗೆ ಕೂರುವ ಎಂಟು ಇಂಚಿನದು ಸಾಕು. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಎಲ್ಲಿಂದ ಬರುತ್ತಿದೆಯೆಂದು ಕಿವಿ ಸುಲಭವಾಗಿ ಗುರುತಿಸದು, ಕಾರಿನಂಥ ಚಿಕ್ಕ ಕೋಣೆ ತೀರ ಕೆಳಗಿನ ಸ್ವರಗಳನ್ನು ತಾನೇ ಎತ್ತಿಕೊಡುತ್ತದೆ. ಆಗ ಬಾಗಿಲಿನ ಸ್ಪೀಕರ್‌ಗಳನ್ನು 80 ಹರ್ಟ್ಸ್‌ನಿಂದ ಮೇಲಕ್ಕೆ ಮಾತ್ರ ನುಡಿಸಿ. ಅವುಗಳ ಹೊರೆ ಇಳಿದು ವೇಗದಲ್ಲೂ ಧ್ವನಿ ಬಿಗಿಯಾಗಿ ಉಳಿಯುತ್ತದೆ.

ತಂತಿಮನೆ:

ಡಿಎಸ್‌ಪಿಯ ಸಲಹೆಗೆ ನನ್ನದೂ ಒಪ್ಪಿಗೆ. ಹಾಕಿಸುವಾಗ ವೈರಿಂಗ್ ಮೇಲೆ ಕಣ್ಣಿಡಿ. 75 ವ್ಯಾಟ್‌ನ ನಾಲ್ಕು ಚಾನೆಲ್‌ಗಳ ಕ್ಲಾಸ್ ಡಿ (ವಿದ್ಯುತ್ತನ್ನು ಕಡಿಮೆ ಪೋಲು ಮಾಡುವ ಬಗೆಯ) ಆಂಪ್ ಪೂರ್ಣ ಹೊರೆಯಲ್ಲಿ ಸುಮಾರು 27 ಆಂಪಿಯರ್ ಎಳೆಯುತ್ತದೆ. ಶುದ್ಧ ತಾಮ್ರದ 10 ಚದರ ಮಿಲಿಮೀಟರ್ ತಂತಿ ಸಾಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯ ವಾಹಕತೆ ಅದರ ಮೂರನೆಯ ಎರಡು ಭಾಗದಷ್ಟೇ. ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಇರಬೇಕು, ಏಕೆಂದರೆ ಅದು ಕಾಪಾಡುವುದು ಆಂಪನ್ನಲ್ಲ, ದಾರಿಯಲ್ಲಿ ಎಲ್ಲಾದರೂ ಉಜ್ಜಿ ಸಿಪ್ಪೆ ಸುಲಿಯಬಹುದಾದ ತಂತಿಯನ್ನು. ಅರ್ಥಿಂಗ್ ಕೊಡುವಲ್ಲಿ ಬಣ್ಣವನ್ನು ಕೆರೆದು ಬರಿತಗಡಿಗೆ ಬಿಗಿಸಲಿ. ಅದು ಸಡಿಲವಾದರೆ ಎಂಜಿನ್ ವೇಗ ಏರಿದಂತೆ ಸ್ಪೀಕರಿನಲ್ಲಿ ಕುಯ್ ಎನ್ನುವ ಸದ್ದೂ ಏರುತ್ತದೆ.

ಆಂಪಿನ ಮೇಲಿನ ಗೇನ್ ತಿರುಪು ಒಳಬರುವ ಸಂಕೇತಕ್ಕೆ ಆಂಪನ್ನು ಹೊಂದಿಸುವುದಕ್ಕೆ, ಅದು ವಾಲ್ಯೂಮ್ ಅಲ್ಲ. ಸ್ಪೀಕರ್‌ಗಳನ್ನು ಬಿಡಿಸಿ, ಸ್ಟೀರಿಯೊವನ್ನು ಮುಕ್ಕಾಲು ವಾಲ್ಯೂಮಿನಲ್ಲಿಟ್ಟು, 1,000 ಹರ್ಟ್ಸ್‌ನ ಪರೀಕ್ಷಾ ಸ್ವರವನ್ನು ನುಡಿಸಿ, ಗೇನನ್ನು ನಿಧಾನವಾಗಿ ಏರಿಸುತ್ತ ಆಂಪಿನ ಸ್ಪೀಕರ್ ತುದಿಯಲ್ಲಿ ಎಸಿ ವೋಲ್ಟೇಜ್ ಅಳೆಯಿರಿ. 4 ಓಮ್‌ಗೆ 75 ವ್ಯಾಟ್ ಎಂದರೆ 17.3 ವೋಲ್ಟ್, ಮೀಟರ್ ಅಲ್ಲಿಗೆ ಮುಟ್ಟಿದ ಕೂಡಲೇ ನಿಲ್ಲಿಸಿ, ಆ ತಿರುಪಿನ ಮೇಲೊಂದು ಟೇಪ್ ಅಂಟಿಸಿಬಿಡಿ. ಸದ್ದು ಸಾಲದೆಂದು ಯಾರಾದರೂ ಒಂದು ದಿನ ಅದನ್ನು ತಿರುಗಿಸಿಯೇ ತಿರುಗಿಸುತ್ತಾರೆ, ನಮ್ಮ ಮನೆಯಲ್ಲಿ ಟ್ವೀಟರ್ ಸುಟ್ಟದ್ದು ಹಾಗೆಯೇ.