ಸ್ಕೋರ್ 1 ಅಂದ್ರೆ ರೋಗಿ ಚೆನ್ನಾಗಿದ್ದಾರೆ ಅಂತಾನಾ?

ನೈಟ್‌_ಸಿಸ್ಟರ್: ನಮ್ಮ ವಾರ್ಡಿಗೆ ಹೊಸ ಸಾಫ್ಟ್‌ವೇರ್ ಬಂದಿದೆ. ವೈಟಲ್ಸ್ (ನಾಡಿ, ಉಸಿರು, ಬಿಪಿ, ಜ್ವರ ಇತ್ಯಾದಿ) ಹಾಕಿದರೆ ನ್ಯೂಸ್2 ಸ್ಕೋರ್, ಅಂದರೆ ರೋಗಿಯ ಸ್ಥಿತಿ ಎಷ್ಟು ಹದಗೆಟ್ಟಿದೆ ಅಂತ ಹೇಳೋ ಅಂಕ, ತಾನೇ ಕೂಡುತ್ತದೆ. ಹೆಚ್ಚಾದಷ್ಟೂ ಅಪಾಯ, 7 ಮುಟ್ಟಿದರೆ ಕೆಂಪು. ಮೊನ್ನೆ ಒಬ್ಬ ಅಜ್ಜನ ಸ್ಕೋರ್ 1. ಆದರೆ ಮುಖ ಬಾಡಿತ್ತು, ಊಟ ಬೇಡ ಅಂದಿದ್ದರು. ಡಾಕ್ಟರಿಗೆ ಫೋನ್ ಮಾಡಿದರೆ "ಸ್ಕೋರ್ ಎಷ್ಟು?" ಅಂದರು. ಬೆಳಗ್ಗೆ ಐಸಿಯು. ನಮ್ಮ ಕಣ್ಣಿಗೆ ಬೆಲೆ ಇಲ್ವಾ?

ಕೋಡ್‌_ಮಾಣಿ: "ಮುಖ ಬಾಡಿತ್ತು" ಅನ್ನೋದನ್ನು ಯಾವ ಕಾಲಂನಲ್ಲಿ ಬರೆಯೋದು ಸಿಸ್ಟರ್? ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ಸ್ಕೋರ್ ಅದು. ಸುಮ್ನೆ ಬರೆದದ್ದಲ್ಲ.

ಬಯೋಮೆಡ್‌: ಆಸ್ಪತ್ರೆ ಸಾಫ್ಟ್‌ವೇರ್ ಮಾಡೋ ಎಪಿಕ್ ಕಂಪನಿಯ, ಸೆಪ್ಸಿಸ್ (ಸೋಂಕಿನಿಂದ ಅಂಗಾಂಗ ಕೆಡೋ ಸ್ಥಿತಿ) ಮೊದಲೇ ಊಹಿಸೋ ಮಾಡೆಲ್ ಕೂಡ "ಸುಮ್ನೆ ಬರೆದದ್ದಲ್ಲ". ಮಿಷಿಗನ್ ವಿಶ್ವವಿದ್ಯಾಲಯದವರು ತಮ್ಮ ಆಸ್ಪತ್ರೆಯಲ್ಲಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಸೆಪ್ಸಿಸ್ ಆದವರಲ್ಲಿ ಶೇ. 67 ಜನರನ್ನು ಅದು ಗುರುತಿಸಲೇ ಇಲ್ಲ.

ಕೋಡ್‌_ಮಾಣಿ: ಅದು ಮಾಡೆಲ್ ಸರ್, ಇದು ಬರೀ ಕೂಡೋ ಲೆಕ್ಕ. ಹಾಕಿದ್ದು ಸುಳ್ಳಾದರೆ ಬರೋದೂ ಸುಳ್ಳೇ. ಯಾವ ವಾರ್ಡಿನ ಚಾರ್ಟ್ ನೋಡಿದರೂ ಎಲ್ಲರ ಉಸಿರೂ ನಿಮಿಷಕ್ಕೆ 18, ಇಲ್ಲಾಂದ್ರೆ 20. ಅದು ಹೇಗೆ?

ಲೀಡ್ಸ್‌_ಕನ್ನಡಿಗ: ನಮ್ಮಲ್ಲಿ ಪೂರ್ತಿ 1 ನಿಮಿಷ ಎಣಿಸಲೇಬೇಕು. 25 ಆದರೆ ಉಸಿರೊಂದಕ್ಕೇ 3 ಅಂಕ.

ನೈಟ್‌_ಸಿಸ್ಟರ್: "ಎಣಿಸಲೇಬೇಕು"! 40 ರೋಗಿಗಳಿಗೆ ನಾವಿಬ್ಬರು. ಉಸಿರು ಎಣಿಸ್ತಾ ಕೂತರೆ ಡ್ರಿಪ್ ನೀವು ಬಂದು ಬದಲಾಯಿಸ್ತೀರಾ? 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿದರೆ ಸಾಕು.

ಹಳೇ_ಇನ್‌ಚಾರ್ಜ್‌: ಎರಡರಿಂದ ಗುಣಿಸಿದರೆ ಬೆಸ ಸಂಖ್ಯೆ ಬರೋದೇ ಇಲ್ಲವಲ್ಲಮ್ಮ. ನಿಮ್ಮ ವಾರ್ಡಲ್ಲಿ ಯಾರಿಗೂ 21 ಇಲ್ಲ! 20ಕ್ಕೆ 0 ಅಂಕ, 21ಕ್ಕೆ 2. ನಾಡಿ ಹಿಡಿದಂತೆ ಮಾಡಿ ಎದೆ ನೋಡ್ತಾ ಎಣಿಸಬೇಕು. ಎಣಿಸ್ತಿದ್ದೀವಿ ಅಂತ ಗೊತ್ತಾದರೆ ರೋಗಿಯ ಉಸಿರೇ ಬದಲಾಗುತ್ತೆ. ಇನ್ನೊಂದು, ಸ್ಕೋರ್ ಎಷ್ಟೇ ಇರಲಿ, ನರ್ಸಿಗೆ ಆತಂಕ ಇದ್ದರೆ ಡಾಕ್ಟರನ್ನು ಕರೆಯಬೇಕು ಅಂತ ನ್ಯೂಸ್2 ಮಾಡಿದವರೇ ಬರೆದಿದ್ದಾರೆ.

ಕೋಡ್‌_ಮಾಣಿ: "ನಾಡಿ ಹಿಡಿದಂತೆ" ನಾಟಕ ಯಾಕೆ ಮೇಡಂ? ಮಾನಿಟರ್ ಎಣಿಸಲಿ.

ಬಯೋಮೆಡ್‌: ರೋಗಿ ಮಗ್ಗುಲು ಬದಲಿಸಿದರೂ ಮಾನಿಟರ್ ಅದನ್ನು ಉಸಿರು ಅಂತ ಎಣಿಸಬಹುದು. ರಿಪೇರಿ ಮಾಡೋನು ನಾನು, ನನಗೆ ಹೇಳ್ತೀರಾ?

ಲೀಡ್ಸ್‌_ಕನ್ನಡಿಗ: ನಮ್ಮಲ್ಲಿ ಈ ತೊಂದರೆ ಇಲ್ಲ.

ನೈಟ್‌_ಸಿಸ್ಟರ್: "ನಮ್ಮಲ್ಲಿ, ನಮ್ಮಲ್ಲಿ"! ಟಿಕೆಟ್ ತೆಗೆಸಿ ಬನ್ನಿ ಬ್ರದರ್, ಒಂದು ನೈಟ್ ಮಾಡಿ ಹೋಗಿ. ಆಮೇಲೆ ಮಾತಾಡೋಣ.

ಲೀಡ್ಸ್‌_ಕನ್ನಡಿಗ: ನಾನೂ ಅಲ್ಲೇ 6 ವರ್ಷ ನೈಟ್ ಮಾಡಿ ಬಂದವನು.

ನೈಟ್‌_ಸಿಸ್ಟರ್: ಬಿಟ್ಟು ಓಡಿದಿರಲ್ಲ, ಅಲ್ವಾ?

ಹಳೇ_ಇನ್‌ಚಾರ್ಜ್‌: ಜಗಳ ಆಮೇಲೆ. ಆ ಅಜ್ಜನ ಉಸಿರು ಎಷ್ಟಿತ್ತು?

ನೈಟ್‌_ಸಿಸ್ಟರ್: ಚಾರ್ಟಲ್ಲಿ 20.

ಹಳೇ_ಇನ್‌ಚಾರ್ಜ್‌: ಚಾರ್ಟ್ ಕೇಳಲಿಲ್ಲ.

ನೈಟ್‌_ಸಿಸ್ಟರ್: ಸಂಜೆ ಡ್ಯೂಟಿಯವರು ಹಾಕಿದ್ದು. ಅದಕ್ಕೂ ಇದಕ್ಕೂ ಏನು ಸಂಬಂಧ? ಹ್ಯಾಂಡೋವರ್ ಟೈಮ್ ಆಯ್ತು, ಬರ್ತೀನಿ.