ರೈಫಲ್‌ನ ಎದುರು ಕುದುರೆ: ಅಮೆರಿಕದ ಅಂತರ್ಯುದ್ಧದ ಸವಾರರ ಬಗ್ಗೆ ಪ್ರಶ್ನೋತ್ತರ

ಚೇತನ್: ರವೀಂದ್ರ ಸರ್, ನೀವು ಸೇನೆಯಲ್ಲಿ ಸವಾರಿ ಕಲಿಸಿದವರು, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. 1861ರಿಂದ 1865ರವರೆಗೆ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುತ್ತಿದ್ದೇನೆ. ಚಿತ್ರಗಳಲ್ಲೆಲ್ಲ ಸವಾರರು ಕತ್ತಿ ಎತ್ತಿಕೊಂಡು ಕಾಲಾಳುಗಳ ಮೇಲೆ ನುಗ್ಗುತ್ತಿರುತ್ತಾರೆ. ಎದುರಿಗಿದ್ದವರ ಕೈಯಲ್ಲಿ ರೈಫಲ್ ಇತ್ತಲ್ವಾ? ಹಾಗೆ ನುಗ್ಗಿದರೆ ಬದುಕಿ ಬರುವುದುಂಟಾ? ಅವರಿಗೆ ಏನು ತರಬೇತಿ ಕೊಡುತ್ತಿದ್ದರು?

ರವೀಂದ್ರ: ಗಟ್ಟಿಯಾಗಿ ನಿಂತ ಕಾಲಾಳುಗಳ ಎದುರು ಬದುಕಿ ಬರುವುದು ಕಷ್ಟವೇ ಇತ್ತು, ಚೇತನ್. ಅದಕ್ಕೇ ಅಂಥ ದಾಳಿ ಚಿತ್ರಗಳಲ್ಲಿ ಕಾಣುವಷ್ಟು ಯುದ್ಧದಲ್ಲಿ ನಡೆಯಲಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. 1862ರ ಜೂನ್ 27, ವರ್ಜೀನಿಯಾದ ಗೇನ್ಸ್ ಮಿಲ್. ಸಂಜೆ ಹೊತ್ತಿಗೆ ಉತ್ತರದವರ ಸಾಲು ಮುರಿಯುತ್ತಿತ್ತು. ಫಿರಂಗಿಗಳು ಶತ್ರುವಿನ ಕೈಗೆ ಸಿಗಬಾರದು ಅಂತ ಜನರಲ್ ಫಿಲಿಪ್ ಸೇಂಟ್ ಜಾರ್ಜ್ ಕುಕ್ ಸುಮಾರು 250 ಸವಾರರನ್ನು ಎದುರಿನ ಕಾಲಾಳುಗಳ ಮೇಲೆ ಬಿಟ್ಟ. ಕೆಲವೇ ನಿಮಿಷದಲ್ಲಿ ದಳ ಚದುರಿಹೋಯಿತು. ಅಧಿಕಾರಿಗಳಲ್ಲಿ ಬಹುತೇಕರು ಸತ್ತರು, ಇಲ್ಲವೇ ಗಾಯಗೊಂಡರು. ತಮಾಷೆ ಏನೆಂದರೆ, ಉತ್ತರದ ಅಶ್ವದಳದ ಕೈಪಿಡಿ ಬರೆದವನೇ ಈ ಕುಕ್. ದಕ್ಷಿಣದ ಹೆಸರಾಂತ ಸವಾರ ಜನರಲ್ ಜೆಬ್ ಸ್ಟುವರ್ಟ್ ಇವನ ಸ್ವಂತ ಅಳಿಯ. ಮಾವ ಉತ್ತರದ ಕಡೆ ಉಳಿದ ಸಿಟ್ಟಿಗೆ ಅಳಿಯ ತನ್ನ ಮಗನಿಗೆ ಇಟ್ಟಿದ್ದ ತಾತನ ಹೆಸರನ್ನೇ ಬದಲಾಯಿಸಿಬಿಟ್ಟ. ಅಂತರ್ಯುದ್ಧ ಅಂದರೆ ಹೀಗೇ.

ನುಣುಪು ನಳಿಗೆಯ ಹಳೆಯ ಬಂದೂಕು ಸುಮಾರು ನೂರು ಗಜದಾಚೆ ಗುರಿಗೆ ತಾಗುವುದೇ ಅಪರೂಪ. ನಳಿಗೆಯೊಳಗೆ ಸುರುಳಿ ಗೀರುಗಳಿದ್ದ ಹೊಸ ರೈಫಲ್ ಮುನ್ನೂರು ಗಜಕ್ಕೂ ಹೊಡೆಯುತ್ತಿತ್ತು. ಹಾಗಂತ ಎಲ್ಲವನ್ನೂ ರೈಫಲ್ ತಲೆಗೆ ಕಟ್ಟಬೇಡಿ. ಯುರೋಪಿನಂತೆ ಬಯಲು ಅಲ್ಲಿ ಕಡಿಮೆ. ಕಾಡು, ಹಳ್ಳ, ಹೊಲಕ್ಕೆ ಹಾಕಿದ ಮರದ ಬೇಲಿ. ಒಂದು ಬೇಲಿ ಸಾಕು, ಸಾಲಾಗಿ ಓಡುವ ಕುದುರೆಗಳ ಲಯ ಮುರಿಯುತ್ತದೆ. ಲಯ ಮುರಿದ ಸಾಲಿಗೆ ನುಗ್ಗುವ ಶಕ್ತಿ ಇರುವುದಿಲ್ಲ.

ಇನ್ನು ತರಬೇತಿ. ಒಬ್ಬ ಪಕ್ಕಾ ಸವಾರ ತಯಾರಾಗಲು ಎರಡು ವರ್ಷ ಬೇಕು ಅನ್ನುವುದು ಆ ಕಾಲದ ಮಾತು. ಖರ್ಚು ಜಾಸ್ತಿ, ಯುದ್ಧ ಬೇಗ ಮುಗಿಯುತ್ತದೆ ಅಂದುಕೊಂಡ ಉತ್ತರದ ಸರ್ಕಾರ ಮೊದಲು ಸ್ವಯಂಸೇವಕರ ಅಶ್ವದಳಗಳನ್ನು ಸೇರಿಸಿಕೊಳ್ಳಲು ಹಿಂದೇಟು ಹಾಕಿತು. ಆಮೇಲೆ ಅವಸರದಲ್ಲಿ ಕಟ್ಟಿತು. ಬಂದವರಲ್ಲಿ ಎಷ್ಟೋ ಜನ ಕುದುರೆ ಹತ್ತಿದವರೇ ಅಲ್ಲ.

ಮೊದಲು ನೆಲದ ಮೇಲೆ ಕವಾಯತು, ನೆಲದ ಮೇಲೆಯೇ ಕತ್ತಿವರಸೆ. ಆಮೇಲೆ ಕುದುರೆ. ಎಡಗೈಯಲ್ಲಿ ಲಗಾಮು, ಬಲಗೈ ಆಯುಧಕ್ಕೆ. ಅಂದರೆ ಒಂದೇ ಕೈಯಲ್ಲಿ, ಉಳಿದದ್ದನ್ನು ಮೈಭಾರ ಮತ್ತು ಕಾಲಿನಲ್ಲಿ ಕುದುರೆಗೆ ತಿಳಿಸಬೇಕು. ಇದು ಬರಲು ತಿಂಗಳುಗಳು ಬೇಕು, ಅವಸರಿಸಿದರೆ ಸವಾರ ಲಗಾಮಿಗೆ ಜೋತುಬಿದ್ದು ಕುದುರೆಯ ಬಾಯಿ ಹಾಳು ಮಾಡುತ್ತಾನೆ. ನಾಲ್ಕು ನಾಲ್ಕು ಜನರ ಸಾಲಿನಲ್ಲಿ ದಾರಿ ನಡೆಯುವುದು, ಬ್ಯೂಗಲ್ ಕೇಳಿದ ಕೂಡಲೇ ಅಗಲವಾದ ಸಾಲಿಗೆ ತಿರುಗುವುದು, ಇದನ್ನೇ ದಿನಾ ಮಾಡಿಸುತ್ತಿದ್ದರು. ಕುದುರೆಗೂ ಪಾಠ ಉಂಟು. ಗುಂಡಿನ ಸದ್ದಿಗೆ ಬೆಚ್ಚದಂತೆ ಮೊದಲು ದೂರದಲ್ಲಿ ಹೊಡೆದು, ದಿನಕಳೆದಂತೆ ಹತ್ತಿರ ತಂದು ರೂಢಿ ಮಾಡಿಸಬೇಕು.

ನುಗ್ಗುವ ದಾಳಿಗೂ ಲೆಕ್ಕವಿತ್ತು. ಮೊದಲು ನಡಿಗೆ, ಆಮೇಲೆ ಕುಕ್ಕುಲೋಟ, ಆಮೇಲೆ ಜೋರು ಓಟ, ಕೊನೆಯ ಸ್ವಲ್ಪ ದೂರ ಮಾತ್ರ ಪೂರ್ತಿ ವೇಗ. ಮೊದಲೇ ನಾಗಾಲೋಟಕ್ಕೆ ಬಿಟ್ಟರೆ ತಾಗುವ ಹೊತ್ತಿಗೆ ಕುದುರೆಗೆ ಉಸಿರಿರುವುದಿಲ್ಲ, ಸಾಲೂ ಇರುವುದಿಲ್ಲ.

ಸುಮಾ: ನುಗ್ಗುವುದು ಕೆಲಸಕ್ಕೆ ಬರದಿದ್ದರೆ ಮತ್ತೆ ಅಷ್ಟೊಂದು ಸವಾರರು ಯಾಕೆ ಸರ್? ಸುದ್ದಿ ತರೋಕಾ?

ರವೀಂದ್ರ: ಸುದ್ದಿ ತರುವುದು ದೊಡ್ಡ ಕೆಲಸವೇ ಮೇಡಂ. ಶತ್ರು ಎಲ್ಲಿದ್ದಾನೆ ಅಂತ ನೋಡುವುದು, ನಮ್ಮ ಸೇನೆ ಅವನಿಗೆ ಕಾಣದ ಹಾಗೆ ಮರೆ ಕಟ್ಟುವುದು, ಹಿಂದೆ ನುಗ್ಗಿ ರೈಲು ಹಳಿ ಕಿತ್ತು ಉಗ್ರಾಣ ಸುಡುವುದು. 1863ರ ಏಪ್ರಿಲ್‌ನಲ್ಲಿ ಉತ್ತರದ ಬೆಂಜಮಿನ್ ಗ್ರಿಯರ್ಸನ್ 1,700 ಸವಾರರೊಂದಿಗೆ ಟೆನೆಸಿಯಿಂದ ಹೊರಟು, ಇಡೀ ಮಿಸಿಸಿಪಿ ರಾಜ್ಯ ಹಾಯ್ದು, 16 ದಿನದಲ್ಲಿ ಸುಮಾರು 600 ಮೈಲಿ ಕ್ರಮಿಸಿ ಉತ್ತರದವರ ವಶದಲ್ಲಿದ್ದ ಬ್ಯಾಟನ್ ರೂಜ್ ಸೇರಿದ. ಆತ ಯುದ್ಧಕ್ಕೆ ಮೊದಲು ಸಂಗೀತದ ಮೇಷ್ಟ್ರು. ಚಿಕ್ಕಂದಿನಲ್ಲಿ ಕುದುರೆ ಒದ್ದದ್ದರಿಂದ ಕುದುರೆ ಕಂಡರೆ ಆಗುತ್ತಿರಲಿಲ್ಲವಂತೆ!

ಆದರೆ ನಿಜವಾದ ಬದಲಾವಣೆ ಬೇರೆ. ಕುದುರೆಯ ಮೇಲೆ ಬೇಗ ಹೋಗು, ಇಳಿದು ಹೋರಾಡು. 1863ರ ಜುಲೈ 1ರ ಬೆಳಿಗ್ಗೆ ಗೆಟ್ಟಿಸ್‌ಬರ್ಗ್‌ನಲ್ಲಿ ಜಾನ್ ಬ್ಯುಫರ್ಡ್ ಮಾಡಿದ್ದು ಇದನ್ನೇ. ಊರಿನ ಪಶ್ಚಿಮದ ದಿಬ್ಬಗಳ ಮೇಲೆ ಸವಾರರನ್ನು ಇಳಿಸಿ, ವಿರಳ ಸಾಲಿನಲ್ಲಿ ಹರಡಿ, ದಕ್ಷಿಣದ ಕಾಲಾಳುಗಳನ್ನು ತಡೆದ. ಗೆಲ್ಲುವುದು ಅವನ ಉದ್ದೇಶವಲ್ಲ. ಸ್ವಲ್ಪ ತಡೆದು ಒಂದು ದಿಬ್ಬ ಬಿಟ್ಟು ಹಿಂದಿನದಕ್ಕೆ ಸರಿಯುವುದು, ತಮ್ಮ ಕಾಲಾಳುಗಳು ಬರುವವರೆಗೆ ಹೊತ್ತು ಗಳಿಸುವುದು. ಗಳಿಸಿದ.

ಬ್ಯುಫರ್ಡ್‌ನ ಸವಾರರ ಹತ್ತಿರ ಏಳು ಗುಂಡಿನ ಸ್ಪೆನ್ಸರ್ ಬಂದೂಕು ಇತ್ತು ಅಂತ ಎಷ್ಟೋ ಕಡೆ ಬರೆಯುತ್ತಾರೆ. ಇರಲಿಲ್ಲ. ಸ್ಪೆನ್ಸರ್ ಕಾರ್ಬೈನ್, ಅಂದರೆ ಸವಾರರ ಗಿಡ್ಡ ಬಂದೂಕು, ಕೈಗೆ ಬಂದದ್ದು ಗೆಟ್ಟಿಸ್‌ಬರ್ಗ್ ಕದನದ ನಂತರ. ಬ್ಯುಫರ್ಡ್‌ನವರದ್ದು ಒಂದೊಂದೇ ಗುಂಡಿನ ಕಾರ್ಬೈನ್. ಆದರೆ ಹಿಂಬದಿಯಿಂದ ತುಂಬುವಂಥದ್ದು. ಕಾಲಾಳು ತನ್ನ ರೈಫಲ್‌ನ ಬಾಯಿಯಿಂದ ಗುಂಡು ತುರುಕಿ ಸಲಾಕೆಯಿಂದ ಜಡಿಯಬೇಕು, ಅದಕ್ಕೆ ಹೆಚ್ಚಾಗಿ ಎದ್ದು ನಿಲ್ಲಬೇಕು. ಇವರು ಬೇಲಿಯ ಹಿಂದೆ ಮಲಗಿಕೊಂಡೇ ಬೇಗ ಬೇಗ ತುಂಬಿ ಹೊಡೆಯಬಹುದು.

ಇಮ್ರಾನ್: ಇಳಿದ ಮೇಲೆ ಕುದುರೆಗಳ ಗತಿ? ಓಡಿಹೋಗಲ್ವಾ?

ರವೀಂದ್ರ: ಒಳ್ಳೆಯ ಪ್ರಶ್ನೆ. ನಾಲ್ವರಲ್ಲಿ ಒಬ್ಬ ಹಿಂದೆ ಉಳಿದು ತನ್ನದೂ ಸೇರಿ ನಾಲ್ಕೂ ಕುದುರೆ ಹಿಡಿದುಕೊಳ್ಳಬೇಕು. ಅಂದರೆ ಇಳಿದ ಕೂಡಲೇ ನಿಮ್ಮ ಬಲದ ಕಾಲು ಭಾಗ ಹೋಯಿತು. ಸಾವಿರ ಸವಾರರು ಇಳಿದರೆ ಗುಂಡು ಹಾರಿಸುವವರು 750. ಆ ಕುದುರೆಗಳನ್ನು ಗುಂಡು ತಾಗದಷ್ಟು ಹಿಂದೆ ಇಡಬೇಕು, ಓಡಿ ಬಂದು ಹತ್ತುವಷ್ಟು ಹತ್ತಿರವೂ ಇರಬೇಕು. ದಿಬ್ಬದ ಹಿಂಬದಿಯೇ ಸರಿಯಾದ ಜಾಗ. ಹಿಡಿದವನು ಹೆದರಿ ಓಡಿದರೆ ಮುಂದಿನ ಮೂವರ ಕಥೆ ಮುಗಿಯಿತು. ಅದನ್ನು ಹೇಡಿಗಳ ಕೆಲಸ ಅಂದುಕೊಳ್ಳಬೇಡಿ. ನಾಲ್ಕು ಬೆದರಿದ ಕುದುರೆಗಳನ್ನು ಒಬ್ಬನೇ ಹಿಡಿದು ನೋಡಿ, ಗೊತ್ತಾಗುತ್ತದೆ.

ಚೇತನ್: ದಕ್ಷಿಣದವರು ಹುಟ್ಟಾ ಸವಾರರು, ಮೊದಲ ಎರಡು ವರ್ಷ ಅವರದ್ದೇ ಕೈ ಮೇಲು ಅಂತಾರಲ್ಲ ಸರ್?

ರವೀಂದ್ರ: ವರ್ಜೀನಿಯಾದ ಕಡೆಗೆ ಆ ಮಾತು ಬಹುಮಟ್ಟಿಗೆ ನಿಜ. 1862ರ ಜೂನ್‌ನಲ್ಲಿ ಸ್ಟುವರ್ಟ್ ಸುಮಾರು 1,200 ಸವಾರರೊಂದಿಗೆ ಉತ್ತರದ ಇಡೀ ಸೇನೆಗೆ ಒಂದು ಸುತ್ತು ಹಾಕಿ ಬಂದ. ಅವನನ್ನು ಬೆನ್ನಟ್ಟಿ ಸೋತವನು ಮತ್ತೆ ಅದೇ ಮಾವ ಕುಕ್! ಆದರೆ 1863ರ ಜೂನ್ 9ರಂದು ಬ್ರಾಂಡಿ ಸ್ಟೇಷನ್‌ನಲ್ಲಿ ಎರಡೂ ಕಡೆ ಸೇರಿ ಸುಮಾರು 20,000 ಜನ ಕಾದಾಡಿದಾಗ ಉತ್ತರದ ಸವಾರರು ಸರಿಸಮ ನಿಂತರು. ಅಲ್ಲಿ ಕತ್ತಿಗೂ ಭರ್ತಿ ಕೆಲಸ ಸಿಕ್ಕಿತು, ಯಾಕೆಂದರೆ ಸವಾರನ ಎದುರು ಸವಾರನೇ ಇದ್ದ.

ಆಮೇಲೆ ತಕ್ಕಡಿ ವಾಲಿದ್ದು ಶೌರ್ಯದಿಂದಲ್ಲ, ಲಾಯದಿಂದ. ದಕ್ಷಿಣದಲ್ಲಿ ಸವಾರ ತನ್ನ ಕುದುರೆ ತಾನೇ ತರಬೇಕು. ಅದಕ್ಕೆ ಸರ್ಕಾರದಿಂದ ದಿನಕ್ಕೆ 40 ಸೆಂಟ್ ಬಾಡಿಗೆ. ಕದನದಲ್ಲಿ ಸತ್ತರೆ ಪರಿಹಾರ. ಕುಂಟು ಬಿದ್ದರೆ, ರೋಗ ಬಂದರೆ, ಶತ್ರು ಹಿಡಿದುಕೊಂಡು ಹೋದರೆ ಏನೂ ಇಲ್ಲ. ಹೊಸ ಕುದುರೆ ತರಲು ರಜೆ ಹಾಕಿ ಊರಿಗೆ ಹೋಗಬೇಕು. ಸಿಗದಿದ್ದರೆ ಕಾಲಾಳು. ಹಾಗಾಗಿ ಕಾಗದದ ಮೇಲೆ ಇದ್ದ ಸವಾರರಲ್ಲಿ ಎಷ್ಟೋ ಜನ ಕದನದ ದಿನ ಇರುತ್ತಲೇ ಇರಲಿಲ್ಲ.

ಉತ್ತರದಲ್ಲಿ ಕುದುರೆ ಸರ್ಕಾರದ್ದು. ಮೊದಮೊದಲು ಅದನ್ನೂ ಹಾಳು ಮಾಡಿದರು. ಕಳಪೆ ಖರೀದಿ, ಅತಿಭಾರ, ಜೀನಿನ ಕೆಳಗಿನ ಕಂಬಳಿ ಸರಿಯಾಗಿ ಮಡಿಸದೆ ಬೆನ್ನು ಹುಣ್ಣು, ಗೊರಸಿನ ರೋಗ, ಗ್ಲ್ಯಾಂಡರ್ಸ್ ಅನ್ನುವ ಅಂಟುರೋಗ. ಕುದುರೆಗೆ ದಿನಕ್ಕೆ 12 ಪೌಂಡ್ ಕಾಳು, 14 ಪೌಂಡ್ ಒಣಹುಲ್ಲು ಅಂತ ನಿಯಮ. ಒಟ್ಟು ಸುಮಾರು 12 ಕಿಲೋ. ದಂಡಿನ ದಾರಿಯಲ್ಲಿ ಅಷ್ಟು ಸಿಗುತ್ತಿತ್ತಾ? 1863ರ ಜುಲೈನಲ್ಲಿ ಇದಕ್ಕೆಂದೇ ಅಶ್ವದಳದ ಕಚೇರಿಯೊಂದನ್ನು ತೆರೆದರು. ವಾಷಿಂಗ್ಟನ್ ಪಕ್ಕ ಗೀಸ್‌ಬರೋದಲ್ಲಿ ದೊಡ್ಡ ಲಾಯ ಕಟ್ಟಿ, ದಣಿದ ಕುದುರೆಗಳಿಗೆ ಆರೈಕೆ ಮಾಡಿ ಮತ್ತೆ ಕಳಿಸಿದರು. ನನ್ನನ್ನು ಕೇಳಿದರೆ ಯಾವುದೇ ದಾಳಿಗಿಂತ ಇದು ಮುಖ್ಯ. ಒಳ್ಳೆಯ ಸವಾರ ಅಂದರೆ ಗಂಟೆಗೊಮ್ಮೆ ನಿಂತು ಜೀನಿನ ಪಟ್ಟಿ ನೋಡುವವನು, ಇಳಿಜಾರಿನಲ್ಲಿ ಇಳಿದು ಕುದುರೆಯನ್ನು ನಡೆಸಿಕೊಂಡು ಹೋಗುವವನು, ತಾನು ಉಣ್ಣುವ ಮೊದಲು ಅದಕ್ಕೆ ನೀರು ಕುಡಿಸುವವನು.

ಸುಮಾ: ದಕ್ಷಿಣದ ನೇಥನ್ ಫಾರೆಸ್ಟ್ ಬಗ್ಗೆ ಹೇಳಲೇ ಇಲ್ಲ?

ರವೀಂದ್ರ: ಇಳಿದು ಹೋರಾಡುವುದರಲ್ಲಿ ಪಳಗಿದವನು. ಸೇನಾ ಶಾಲೆ ಕಂಡವನಲ್ಲ. 1864ರ ಜೂನ್‌ನಲ್ಲಿ ಬ್ರೈಸಸ್ ಕ್ರಾಸ್‌ರೋಡ್ಸ್‌ನಲ್ಲಿ ತನಗಿಂತ ಎರಡು ಪಟ್ಟು ದೊಡ್ಡ ಪಡೆಯನ್ನು ಓಡಿಸಿದ. ಜೊತೆಗೆ ಇದನ್ನೂ ಹೇಳಬೇಕು: ಯುದ್ಧಕ್ಕೆ ಮೊದಲು ಅವನದ್ದು ಗುಲಾಮರ ವ್ಯಾಪಾರ. ಅದೇ ವರ್ಷ ಏಪ್ರಿಲ್‌ನಲ್ಲಿ ಫೋರ್ಟ್ ಪಿಲ್ಲೋದಲ್ಲಿ ಅವನ ಪಡೆ ಶರಣಾಗುತ್ತಿದ್ದ ಕಪ್ಪು ಸೈನಿಕರನ್ನು ಕೊಂದುಹಾಕಿತು. ಅವನ ಯುದ್ಧತಂತ್ರ ಹೊಗಳುವವರು ಇದನ್ನು ನುಂಗಿಬಿಡುತ್ತಾರೆ.

ಇಮ್ರಾನ್: ಒಂದು ತಕರಾರು ಸರ್. ರೈಫಲ್ ಎದುರೇ ಆಗದಿದ್ದರೆ, ಮೊದಲ ಮಹಾಯುದ್ಧದಲ್ಲಿ, 1918ರಲ್ಲಿ, ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರು ಈಗಿನ ಇಸ್ರೇಲ್‌ನ ಹೈಫಾದಲ್ಲಿ ಮಷೀನ್ ಗನ್ ಎದುರು ಹೇಗೆ ಗೆದ್ದರು?

ರವೀಂದ್ರ: ಗೆದ್ದರು, ಆದರೆ ಸುಮ್ನೆ ಮುಂದಿನಿಂದ ನುಗ್ಗಿ ಅಲ್ಲ. ಸೆಪ್ಟೆಂಬರ್ 23ರಂದು ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಅಲ್ಲಿನ ಫಿರಂಗಿಗಳ ಮೇಲೆ ಬಿತ್ತು. ಉಳಿದವರು ಗುಂಡಿನ ಆಸರೆ ಕೊಟ್ಟರು, ಜೋಧಪುರದ ಸವಾರರು ಊರಿನೊಳಗೆ ನುಗ್ಗಿದರು. ಎದುರಿನ ತುರ್ಕಿ ಸೇನೆ ಆಗಲೇ ಎಲ್ಲ ಕಡೆ ಹಿಂದೆ ಸರಿಯುತ್ತಿತ್ತು.

ಅಂತರ್ಯುದ್ಧದಲ್ಲೂ ಇಂಥದ್ದು ಉಂಟು. 1864ರ ಸೆಪ್ಟೆಂಬರ್ 19, ವರ್ಜೀನಿಯಾದ ವಿಂಚೆಸ್ಟರ್ ಊರು. ಇಡೀ ದಿನ ಉತ್ತರದ ಕಾಲಾಳುಗಳು ಎದುರಿನವರನ್ನು ಕಟ್ಟಿಹಾಕಿದ್ದರು. ಮಧ್ಯಾಹ್ನ ಇಳಿದ ಮೇಲೆ ಉತ್ತರದ ಜನರಲ್ ಶೆರಿಡನ್‌ನ ಸವಾರ ದಳಗಳು ಬಯಲಿನಲ್ಲಿ ಒಟ್ಟಾಗಿ ಎಡ ಪಕ್ಕೆಗೆ ನುಗ್ಗಿದವು. ದಣಿದಿದ್ದ ಸಾಲು ಕುಸಿಯಿತು. ಎದುರಿನವನ ಗಮನ ಬೇರೆಡೆ ಇರಬೇಕು, ನೆಲ ತೆರೆದಿರಬೇಕು, ಪಕ್ಕೆ ಸಿಗಬೇಕು. ಇವು ಕೂಡಿಬಂದರೆ ಕುದುರೆ ಆಗಲೂ ಗೆಲ್ಲುತ್ತಿತ್ತು.

ಚೇತನ್: ಹಾಗಾದರೆ ಕೊನೆಕೊನೆಗೆ ಅವರು ಸವಾರರಾ, ಕಾಲಾಳುಗಳಾ?

ರವೀಂದ್ರ: ಎರಡೂ. 1865ರ ಏಪ್ರಿಲ್ 2ರಂದು ಅಲಬಾಮಾದ ಸೆಲ್ಮಾದಲ್ಲಿ ಉತ್ತರದ ಜೇಮ್ಸ್ ವಿಲ್ಸನ್‌ನ ಸವಾರರು ಕುದುರೆ ಇಳಿದು, ಸ್ಪೆನ್ಸರ್ ಹಿಡಿದು, ಬಯಲು ದಾಟಿ ಕೋಟೆಯ ಮಣ್ಣಿನ ಗೋಡೆ ಹತ್ತಿದರು. ಒಳಗಿದ್ದು ಕಾಯುತ್ತಿದ್ದವನು ಫಾರೆಸ್ಟ್. ಕತ್ತಲಾಗುವ ಹೊತ್ತಿಗೆ ಊರು ವಿಲ್ಸನ್ ಕೈಯಲ್ಲಿತ್ತು.