ಸಹಾಯ ಬೇಕು: ಅಪ್ಪನ ಕಣ್ಣಿನ ಕೊಬ್ಬಿನ ಆಪರೇಷನ್

ನಮಸ್ಕಾರ. ನಾವು ವಿರಾಜಪೇಟೆ ಕಡೆಯವರು. ಅಪ್ಪನಿಗೆ 68 ವರ್ಷ. ಬಲಗಣ್ಣಿನ ಹೊರಮೂಲೆಯಲ್ಲಿ, ರೆಪ್ಪೆ ಎತ್ತಿದರೆ ಹಳದಿ ಬಣ್ಣದ ಮೆತ್ತನೆ ಉಬ್ಬು ಕಾಣುತ್ತದೆ. ವಯಸ್ಸಾಗಿ ಕಣ್ಣುಗುಡ್ಡೆ ಸುತ್ತಲಿನ ಹೊದಿಕೆ ಸಡಿಲವಾಗಿದೆ, ಕಣ್ಣುಗುಡ್ಡೆ ಹಿಂದಿನ ಕೊಬ್ಬು ಮುಂದೆ ಜಾರಿದೆ, ಕ್ಯಾನ್ಸರ್ ಅಲ್ಲ ಎಂದರು ಡಾಕ್ಟರ್. ಅದು ದೊಡ್ಡ ಸಮಾಧಾನ. ಆದರೆ ಉರಿ ನಿಲ್ಲುತ್ತಿಲ್ಲ, ತೋಟಕ್ಕೆ ಹೋದರೆ ಇನ್ನೂ ಜಾಸ್ತಿ.

ಕಣ್ಣಿಗೆ ಮಾತ್ರ ಮರಗಟ್ಟಿಸಿ, ಮೇಲಿನ ತೆಳು ಪದರ ಬಿಡಿಸಿ, ಹೊರಬಂದ ಕೊಬ್ಬನ್ನಷ್ಟೇ ತೆಗೆಯುತ್ತಾರಂತೆ. ಒಳಗಿನದನ್ನು ಎಳೆದರೆ ಕಣ್ಣಿನ ಹಿಂದೆ ರಕ್ತ ಸೋರಬಹುದು. ಅಪ್ಪ ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ, ನನ್ನ ಭಯ ಅದೇ. ಹೃದಯದ ಡಾಕ್ಟರನ್ನು ಕೇಳದೆ ಅದನ್ನು ನಿಲ್ಲಿಸುವುದಿಲ್ಲ.

ಮೈಸೂರು ಅಥವಾ ಮಂಗಳೂರಿನಲ್ಲಿ ಒಳ್ಳೆಯ ಆಕ್ಯುಲೋಪ್ಲಾಸ್ಟಿ (ರೆಪ್ಪೆ, ಕಣ್ಣಿನ ಸುತ್ತಲಿನ ಆಪರೇಷನ್ ಮಾಡುವ) ಡಾಕ್ಟರ್ ಯಾರಾದರೂ ಗೊತ್ತಾ? ಮಾಡಿಸಿಕೊಂಡವರಿದ್ದರೆ, ಅದೇ ದಿನ ಮನೆಗೆ ಕಳಿಸಿದರಾ, ಉಬ್ಬು ಮತ್ತೆ ಬಂತಾ, ಖರ್ಚೆಷ್ಟಾಯಿತು, ದಯವಿಟ್ಟು ತಿಳಿಸಿ. ಮಳೆ ಹಿಡಿಯುವ ಮೊದಲೇ ಮಾಡಿಸಬೇಕು.